ತೆಗೆ

“ಮಷಿನ್ ಪುಸ್ತಕಾ ನುಂಗೇತ್ರಿ, ಚೇರಮನ್ನರು ಕೆಂಡ ಆಗ್ಯಾರ, ಲಗೂನ ಬರ್ರಿ” ಎಂದು ಹುಕ್ಕೇರಿಯ ಶಿಕ್ಷಣ ಸಂಸ್ಥೆಯ ಆಫೀಸಿನಿಂದ ಸಿಪಾಯಿ ಶಿದ್ಲಿಂಗಪ್ಪ ಫೋನಿನಲ್ಲಿ ಹೇಳಿದ ಕೂಡಲೇ ಏನಾಗಿರಬಹುದೆಂದು ಅಭಿನಂದನನಿಗೆ ಹೊಳೆದಿತ್ತು. ಹೊಳೆದದ್ದನ್ನು ಪಕ್ಕಕ್ಕೆ ಸರಿಸಿ, ವೈರು ಗಟ್ಟಿ ಐತೇನ ನೋಡ್ರಿ ಎಂದು ಏನೋ ಒಂದು ಹೇಳಿ ಫೋನಿಟ್ಟಿದ್ದ. ಈಗ ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಮನಸ್ಸು ಆ ಕಡೆ ಹೋಗದಿರಲೆಂದು ಎದುರಿನ ಬೋರ್ಡಿನ ಮೇಲೆ ಸಿಟ್ಟು ಮಾಡಿಕೊಳ್ಳುತ್ತಿದ್ದ. ಕಂಪ್ಯೂಟರ್ ಕ್ಲಾಸಿನ ಬೋರ್ಡು. ಒಂದು ಮಾನಿಟರು, ಅದರೊಳಗಿಂದ ಹೊರಗೆ ಉರುಳಿಬರುತ್ತಿರುವ ಭೂಮಿ, ಕೆಳಗೆ ‘ಮೂರು ತಿಂಗಳಲ್ಲಿ ಸಂಪೂರ್ಣ ಕಂಪ್ಯೂಟರ್.’ ಸಂಪೂರ್ಣ ಅಂತೆ! ಈ ಸಂಪೂರ್ಣದೊಳಗೆ ಏನೇನಿದೆಯೆಂದು ಅವನಿಗೆ ಚೆನ್ನಾಗಿ ಗೊತ್ತು. ಒಂದು ಮನೆ, ಎರಡು ಗುಡ್ಡ, ನಡುವೆ ಸೂರ್ಯನ ಚಿತ್ರ ಬರೆಯುವುದು. ಇಂಗ್ಲಿಷಿನಲ್ಲಿ ರಜೆಯ ಅರ್ಜಿ ಟೈಪು ಮಾಡುವುದು. ಪರದೆಯ ಮೇಲೆ ಗೋಕಾಕ ಫಾಲ್ಸಿನ ಫೋಟೋ ಹಚ್ಚುವುದು. ಕೊನೆಗೆ ಸರ್ಟಿಫಿಕೇಟು ಹಿಡಿದು ಫೋಟೋಕ್ಕೆ ನಿಲ್ಲುವುದು. ಅಲ್ಲಿಂದ ಹೊರಬೀಳುವ ಹುಡುಗರು ನೆಕ್ಸ್ಟ್, ನೆಕ್ಸ್ಟ್, ಫಿನಿಶ್ ಎಂದು ಒತ್ತುವುದನ್ನೇ ವಿದ್ಯೆ ಅಂದುಕೊಂಡಿರುತ್ತಾರೆ. ಪರದೆ ಏನು ಕೇಳಿದರೂ ಓದದೆ ಹೂಂ ಅನ್ನುವ ಜನ. ನಾಳೆ ಅದು ನಿಮ್ಮ ಹೊಲ ಬರೆದುಕೊಡುತ್ತೀರಾ ಎಂದು ಕೇಳಿದರೂ ಇವರು ಒತ್ತುವುದು ಅದೇ ಬಟನ್ನು. ಹೀಗೆಲ್ಲ ಬೈದುಕೊಂಡಾಗ ಅವನಿಗೆ ಸ್ವಲ್ಪ ಹಗುರೆನಿಸುತ್ತಿತ್ತು. ಇವತ್ತು ಅನಿಸಲಿಲ್ಲ.

ಬಸ್ಸು ಬಂತು, ಕಿಟಕಿಯ ಪಕ್ಕ ಸೀಟೂ ಸಿಕ್ಕಿತು. ಬೈದದ್ದೇನೋ ಸರಿ, ಆದರೆ ಅವನ ಅನ್ನ ಬರುತ್ತಿದ್ದದ್ದು ಅದೇ ಜನರಿಂದ. ಕಾಯಿಪಲ್ಲೆ ಪೇಟೆಯ ಹಿಂದಿದ್ದ ಅವನ ಅಂಗಡಿಗೆ ಕಂಪ್ಯೂಟರಿನ ಡಬ್ಬಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ತರುತ್ತಿದ್ದರು. “ಭಾಳ ಸಾವಕಾಶ ನಡ್ಯಾಕತ್ತೈತ್ರಿ, ಒಂದ ಸಲ ಫಾರ್ಮ್ಯಾಟ್ ಹೊಡೀರಿ.” ವಿಂಡೋಸ್ ಬದಲು ಪುಕ್ಕಟೆಯ ಲಿನಕ್ಸ್ ಹಾಕಿಕೊಡುತ್ತೇನೆ, ವೈರಸ್ಸಿನ ಕಾಟವಿಲ್ಲ, ಕದ್ದ ಮಾಲಲ್ಲ, ಒಳಗೇನಿದೆಯೆಂದು ಬೇಕಾದವರು ಬಿಚ್ಚಿ ನೋಡಬಹುದು ಎಂದು ಅವನು ಶುರುಮಾಡುತ್ತಿದ್ದ. ಅವರು ಶಾಂತವಾಗಿ ಕೇಳಿಸಿಕೊಂಡು, “ಅದರಾಗ ಹಾಡ ಬರ್ತಾವೇನ್ರಿ?” ಅನ್ನುತ್ತಿದ್ದರು. ಬರ್ತಾವ್ರಿ, ಸ್ವಲ್ಪ ಸೆಟ್ಟಿಂಗ್ ಮಾಡಬೇಕಾಗ್ತೈತಿ ಎನ್ನುವಷ್ಟರಲ್ಲಿ ಅವರ ಮುಖದ ಮೇಲೆ ಕನಿಕರ ಕಾಣಿಸಿಕೊಳ್ಳುತ್ತಿತ್ತು. ಆ ಕನಿಕರವನ್ನು ಅವನು ಎಂದೂ ಸಹಿಸಲಾರ. ಕೊನೆಗೆ ಅವನೇ ಡ್ರಾವರಿನಿಂದ ಕದ್ದ ವಿಂಡೋಸಿನ ಸೀಡಿ ಹೊರಗೆಳೆದು, ಅವನ ಕೈಯಿಂದಲೇ ನೆಕ್ಸ್ಟ್, ನೆಕ್ಸ್ಟ್. ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನ ಮನೆತನದವನು ಹೋಟೆಲಿನಲ್ಲಿ ರಾತ್ರಿ ಊಟ ಬಡಿಸುವ ಕೆಲಸಕ್ಕೆ ನಿಂತ ಹಾಗೆ. ಹೆಂಡತಿ ಶುಭಾಂಗಿ ಒಮ್ಮೆ ನಗುತ್ತಲೇ, “ನಿಮ್ಮ ಆ ಕನ್ನಡ ಕಂಪ್ಯೂಟರ್ ಎಷ್ಟ ಮಂದಿ ವಾಪರ್ಸಾಕತ್ತಾರ್ರಿ ಈಗ?” ಎಂದು ಕೇಳಿದ್ದಳು. ಅವಳ ತವರು ನಿಪ್ಪಾಣಿಯ ಕಡೆ, ಮಾತಿನಲ್ಲಿ ಮರಾಠಿ ಹೆಚ್ಚು. ಬಳಸುವವರು ಒಬ್ಬರೇ ಎಂದು ಹೇಗೆ ಹೇಳುವುದು? ಮೂರು ವರ್ಷ ಕಣ್ಣು ಕೆಂಪು ಮಾಡಿಕೊಂಡು ಇಡೀ ಪರದೆಯನ್ನು ಕನ್ನಡಕ್ಕೆ ತಂದದ್ದು, ಅದನ್ನು ದಿನಾ ಬೆಳಿಗ್ಗೆ ಕುಳಿತು ಓದುವವಳು ಭೂಮಿಯ ಮೇಲೆ ಒಬ್ಬಳೇ ಒಬ್ಬಳು, ಹುಕ್ಕೇರಿಯ ಆಫೀಸಿನ ದಾಕ್ಷಾಯಿಣಿ.

ಲಿನಕ್ಸನ್ನು ಕನ್ನಡಕ್ಕೆ ತರುತ್ತಿದ್ದ ಇಂಟರ್ನೆಟ್ಟಿನ ಗುಂಪಿನಲ್ಲಿ ಮಾತ್ರ ಅವನು ಬೇರೆಯೇ ಮನುಷ್ಯ. ಅಲ್ಲಿ ಅವನ ಹೆಸರು ಘಟಪ್ರಭಾ. ಹೊಳೆಯ ಹೆಸರಿಟ್ಟುಕೊಂಡವನಿಗೆ ಅಲ್ಲಿ ಹೊಳೆಯ ಮರ್ಯಾದೆಯೇ ಇತ್ತು. ಫೋನಿನ ತಂತಿಯಲ್ಲಿ ಕಿರುಗುಟ್ಟಿಕೊಂಡು ಸಂಪರ್ಕ ಸಿಕ್ಕಿದ ಕೂಡಲೇ ಬೆಂಗಳೂರಿನವರು, ಮೈಸೂರಿನವರು ಅವನನ್ನು ಸರ್ ಅನ್ನುತ್ತಿದ್ದರು. ಒಬ್ಬರ ಮುಖವನ್ನೂ ಅವನು ಕಂಡಿರಲಿಲ್ಲ, ಆದರೆ ಜಗಳ ಎಲ್ಲರೊಡನೆ ಆಡಿದ್ದ. ಕಪ್ಪು ಪರದೆಯಲ್ಲಿ ಬಿಳಿ ಅಕ್ಷರದ ಅಪ್ಪಣೆ ಕೊಡುವವನೇ ನಿಜವಾದ ಕಂಪ್ಯೂಟರಿನವನು, ಮೌಸು ಹಿಡಿದವರು ಬರಿಯ ಗಿರಾಕಿಗಳು ಎಂದು ಅಲ್ಲಿ ಎಲ್ಲರೂ ಒಪ್ಪುತ್ತಿದ್ದರು. ಆದರೂ ಆ ಗಿರಾಕಿಗಳಿಗಾಗಿಯೇ ಅನುವಾದ ನಡೆದಿತ್ತು, ಯಾರೂ ಹೆಚ್ಚು ಯೋಚಿಸದ ಸಂಗತಿ ಅದು. ಇಂಗ್ಲಿಷ್ ಶಬ್ದಗಳು ಒಂದರ ಕೆಳಗೊಂದು ಬರುತ್ತಿದ್ದವು. ಯಾವ ಶಬ್ದ ಪರದೆಯ ಯಾವ ಮೂಲೆಯಲ್ಲಿ ಕೂರುವುದೋ ಹೇಳುವವರಿರಲಿಲ್ಲ. ‘ಓಪನ್’ ಎಂಬುದಕ್ಕೆ ಮೈಸೂರಿನ ಒಬ್ಬ ಹುಡುಗ ‘ತೆರೆ’ ಎಂದು ಹಾಕಿದ್ದ. ಅಭಿನಂದನನಿಗೆ ನೆತ್ತಿಗೇರಿತು. ತೆರೆ! ನಮ್ಮ ಕಡೆ ಯಾರಪ್ಪಾ ತೆರೆಯುವವರು? ನಾವು ಬಾಗಿಲು ತೆಗೀತೀವಿ, ಡಬ್ಬಿ ಮುಚ್ಚಳ ತೆಗೀತೀವಿ, ಹೊಸ ಸಾಲಿ ತೆಗೀತೀವಿ. ಕನ್ನಡ ಎಂದರೆ ನಿಮ್ಮೂರಿನ ಕನ್ನಡವಷ್ಟೇ ಅಲ್ಲ, ಪುಸ್ತಕದ ಕನ್ನಡವನ್ನು ನಮ್ಮ ಹೆಣ್ಣುಮಕ್ಕಳ ತಲೆಗೆ ಹೇರಬೇಡಿ ಎಂದು ಪುಟಗಟ್ಟಲೆ ಬರೆದ. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ಅದರ ಕಷ್ಟ. ಹುಡುಗ ಮೆತ್ತಗೆ, “ಸರ್, ತೆಗೆ ಅಂದರೆ ಇಲ್ಲದ ಹಾಗೆ ಮಾಡು ಅಂತಲೂ ಆಗುತ್ತಲ್ವಾ?” ಎಂದು ಕೇಳಿದ್ದ. ಹೊತ್ತುಗೊತ್ತು ನೋಡಿ ಅರ್ಥ ಮಾಡಿಕೊಳ್ಳುವಷ್ಟು ಬುದ್ಧಿ ನಮ್ಮ ಜನಕ್ಕಿದೆ ಎಂದು ಇವನು ಚುಚ್ಚಿ ಬರೆದ. ಹುಡುಗ ಸುಮ್ಮನಾದ, ಗುಂಪು ಒಪ್ಪಿತು, ‘ಓಪನ್’ ಎಲ್ಲ ಕಡೆಯೂ ‘ತೆಗೆ’ ಆಯಿತು. ಆ ದಿನ ಅವನು ಗೆದ್ದ ಖುಷಿಯಲ್ಲಿ ಹೋಳಿಗೆ ಮಾಡಿಸಿಕೊಂಡು ತಿಂದ. ಆಮೇಲೆ ಯಾವಾಗಲೋ, ಬೇಸರ ಹತ್ತಿದ ಒಂದು ಮಧ್ಯಾಹ್ನ, ‘ರಿಮೂವ್’ ಎಂಬ ಶಬ್ದ ಬಂತು. ಹೆಸರು ತೆಗೆ, ಕಲೆ ತೆಗೆ. ಅದಕ್ಕೂ ‘ತೆಗೆ’ ಎಂದು ಬರೆದು ಮುಂದೆ ಹೋದ. ಒಂಟಿಯಾಗಿ ನೋಡಿದರೆ ಎರಡೂ ಸರಿಯಾಗಿಯೇ ಇದ್ದವು.

ಘಟಪ್ರಭಾ ದಾಟುವಾಗ ಬಸ್ಸಿನಲ್ಲಿ ಜನ ತುಂಬಿಕೊಂಡರು. ಯಾರದೋ ಬುಟ್ಟಿ ಅವನ ಕಾಲ ಮೇಲೆ ಕುಳಿತಿತ್ತು. ಚಪ್ಪಲಿಯಿಂದ ಕಾಲು ಜಾರಿಸಿಕೊಂಡು ಬೆರಳು ಮಡಚಿದ. ಚಪ್ಪಲಿ ಹೊರಗ ಬಿಡ್ರಿ ಎಂದು ಹಿಂದೊಮ್ಮೆ ಮೂಡಲಗಿಯ ಬ್ಯಾಂಕಿನವನು ಹೇಳಿದ್ದ. ಆಗ ಅಭಿನಂದನ ಇನ್ನೂ ಕಾಲೇಜಿನ ಹುಡುಗ. ಊರಿಗೆ ಮೊದಲ ಕಂಪ್ಯೂಟರ್ ಬಂದಿದೆಯೆಂದು ಅಪ್ಪ ಕುಂಥುನಾಥ ಅವನನ್ನು ಕರೆದುಕೊಂಡು ಹೋಗಿದ್ದರು. ಹೊಸ ಪರದೆ ಬಟ್ಟೆ, ತಣ್ಣನೆಯ ಕೋಣೆ, ಬಾಗಿಲಲ್ಲಿ ಸಾಲಾಗಿ ಚಪ್ಪಲಿಗಳು. ಅಪ್ಪ ಬಸದಿಗೆ ಹೋದ ಹಾಗೆಯೇ ಟೋಪಿ ಸರಿಮಾಡಿಕೊಂಡು ಒಳಗೆ ಕಾಲಿಟ್ಟರು. ಮೂಡಲಗಿ ಪೇಟೆಯ ಬೆಲ್ಲದ ಧಾರಣೆಯನ್ನೆಲ್ಲ ಬಾಯಲ್ಲೇ ಇಟ್ಟುಕೊಂಡ ಮನುಷ್ಯ, ಪರದೆಯ ಮೇಲಿನ ಇಂಗ್ಲಿಷ್ ಸಾಲುಗಳನ್ನು ನೋಡುತ್ತ ನೋಡುತ್ತ, “ಇದಕ್ಕ ಕನ್ನಡಾ ಬರಾಂಗಿಲ್ಲೇನ್ರಿ?” ಎಂದು ಕೇಳಿದರು. ಬ್ಯಾಂಕಿನವರೆಲ್ಲ ನಕ್ಕರು. ಅಭಿನಂದನನೂ ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕ, ತಾನು ಅಪ್ಪನ ಕಡೆಯವನಲ್ಲ, ಯಂತ್ರದ ಕಡೆಯವನು ಎಂದು ಅವರಿಗೆ ತಿಳಿಯಲಿ ಅಂತ. ಅಪ್ಪ ಏನೂ ಅನ್ನಲಿಲ್ಲ. ಹೊರಗೆ ಬಂದು ಮಗನ ಚಪ್ಪಲಿಯನ್ನೂ ಕಾಲಿನಿಂದ ಅವನ ಕಡೆ ಸರಿಸಿದರು. ತಾನು ಮಾಡಿದ ಕನ್ನಡದ ಕೆಲಸವೆಲ್ಲ ಆ ನಗೆಯನ್ನು ವಾಪಸು ನುಂಗುವ ಯತ್ನ ಎಂದು ಅಭಿನಂದನ ಎಷ್ಟೋ ಸಲ ಅಂದುಕೊಂಡಿದ್ದ. ಹಾಗೆ ಅಂದುಕೊಳ್ಳುವುದರಲ್ಲಿ ಒಂದು ಸುಖವಿತ್ತು. ಆದರೆ ಅಪ್ಪನಿಗೆ ಅವನು ಆ ಪರದೆಯನ್ನು ಇನ್ನೂ ತೋರಿಸಿರಲಿಲ್ಲ. ನೋಡಿ ಅವರು ಏನೂ ಅನ್ನದೆ ಹೋದರೆ ಎಂಬ ಭಯ.

ಹುಕ್ಕೇರಿಯ ಶಿಕ್ಷಣ ಸಂಸ್ಥೆಯ ಆಫೀಸಿನಲ್ಲಿ ಕನ್ನಡ ಕಂಪ್ಯೂಟರಿನ ಉದ್ಘಾಟನೆ ಆದ ದಿನ ಅವನಿಗೆ ನೆಲದ ಮೇಲೆ ಕಾಲು ನಿಂತಿರಲಿಲ್ಲ. ಚೇರಮನ್ ಗುರುಲಿಂಗಪ್ಪನವರು ಮಾನಿಟರಿನ ಹಣೆಗೆ ವಿಭೂತಿ ಎಳೆದು, ಕುಂಕುಮ ಇಟ್ಟು, ಮೌಸಿನ ಸುತ್ತ ಸೇವಂತಿಗೆ ಸರ ಹಾಕಿದ್ದರು. ಕಾಯಿ ಒಡೆದ ನೀರು ಕೀಬೋರ್ಡಿನ ಮೇಲೆ ಸಿಡಿದಾಗ ಅಭಿನಂದನ ತನ್ನ ಕರ್ಚೀಫಿನಿಂದ ಒರೆಸಿದ್ದ. ಅದರ ಹಿಂದಿನ ದಿನ ಅಂಗಡಿಯಲ್ಲಿ ಎಲ್ಲವನ್ನೂ ಪರೀಕ್ಷೆ ಮಾಡುವಾಗ ಒಂದು ಸಣ್ಣ ಇಂಗ್ಲಿಷ್ ಪೆಟ್ಟಿಗೆ ಅವನ ಕಣ್ಣಿಗೆ ಬಿದ್ದಿತ್ತು. ಯಾವುದನ್ನಾದರೂ ಅಳಿಸಹೊರಟರೆ, ಇದು ಮರಳಿ ಬಾರದು, ಖಂಡಿತವೇ ಎಂದು ಯಂತ್ರ ಕೇಳುತ್ತಿತ್ತು, ಆ ಒಂದು ವಾಕ್ಯ ಅನುವಾದವಾಗದೆ ಉಳಿದುಬಿಟ್ಟಿತ್ತು. ಬರೆಯಲು ಕುಳಿತ. ‘ಇದನ್ನು ತೆಗೆಯಬೇಕೆ?’ ಎಂದು ಬರೆದು ನೋಡಿದಾಗ ಮೈಸೂರಿನ ಹುಡುಗನ ಮೆತ್ತನೆಯ ಪ್ರಶ್ನೆ ಇದ್ದಕ್ಕಿದ್ದಂತೆ ಅರ್ಥವಾಯಿತು. ಪಕ್ಕದಲ್ಲೇ ಶುಭಾಂಗಿ ನಿಂತಿದ್ದಳು. ಮೌಸಿನ ಬಲಗಡೆಯ ಗುಂಡಿ ಒತ್ತಿ ತೆಗೆದ ಪಟ್ಟಿಯಲ್ಲಿ ಮೇಲೊಂದು ‘ತೆಗೆ’, ಕೆಳಗೊಂದು ‘ತೆಗೆ’ ಇದ್ದದ್ದನ್ನು ನೋಡಿ ನಕ್ಕಳು. “ನಮ್ಮ ಮರಾಠ್ಯಾಗ ಉಘಡ ಬ್ಯಾರೆ, ಕಾಢ ಬ್ಯಾರೆ ಅದಾವಪಾ. ನಿಮ್ಮ ಕನ್ನಡದಾಗ ಬಾಗಲಾ ತೆಗದ್ರೂ ತೆಗಿ, ಕಿತ್ತ ಒಗದ್ರೂ ತೆಗಿ!” ಅವನು ಅವಳ ಮೇಲೆ ರೇಗಿದ. ಸಣ್ಣ ಮಾತಿಗೆ ಇಷ್ಟು ರೇಗುವುದೇಕೆಂದು ಅವಳಿಗೆ ತಿಳಿಯಲಿಲ್ಲ. ಎರಡು ‘ತೆಗೆ’ಗಳಲ್ಲಿ ಯಾವುದನ್ನು ಸರಿಪಡಿಸಹೋದರೂ ಗುಂಪಿಗೆ ಬರೆಯಬೇಕು, ತೆರೆ ಅನ್ನುವುದೇ ಸರಿಯಿತ್ತು, ನನ್ನದು ತಪ್ಪಾಯಿತು ಎಂದು ಆ ಹುಡುಗನಿಗೆ ಎಲ್ಲರ ಮುಂದೆ ಒಪ್ಪಿಕೊಳ್ಳಬೇಕು. ಇಷ್ಟು ದಿನದ ಸರ್ ಒಂದೇ ಸಾಲಿನಲ್ಲಿ ಮಣ್ಣುಪಾಲು. ಆಮೇಲೆ ನೋಡೋಣ ಎಂದುಕೊಂಡ. ಉದ್ಘಾಟನೆಯ ದಿನ ಕನ್ನಡದ ಪರದೆಯ ನಡುವೆ ಇಂಗ್ಲಿಷ್ ಪೆಟ್ಟಿಗೆ ಎದ್ದರೆ ನಾಚಿಕೆಗೇಡು ಎಂದು, ಆ ಪ್ರಶ್ನೆಯೇ ಏಳದಂತೆ ಮಾಡಿದ. ಉದ್ಘಾಟನೆ ಚೆನ್ನಾಗಿ ಆಯಿತು. ಆಮೇಲೆ ನೋಡಲಿಲ್ಲ.

ಆಫೀಸಿನ ಮೆಟ್ಟಿಲ ಮೇಲೆ ಶಿದ್ಲಿಂಗಪ್ಪ ಕಾಯುತ್ತಿದ್ದ. “ಚಪ್ಲಿ ಇಲ್ಲೇ ಬಿಡ್ರಿ” ಎಂದವನು, ದನಿ ತಗ್ಗಿಸಿ, “ದಾಕ್ಷಾಯಿಣಿ ಬಾಯಿ ಮುಂಜಾನಿಂದ ಅಳಾಕತ್ತಾಳ್ರಿ. ನೀರ ಸೈತ ಕುಡದಿಲ್ಲ” ಎಂದ. ಒಳಗೆ ಕಂಪ್ಯೂಟರಿನ ಮೇಜಿನ ಪಕ್ಕ ದಾಕ್ಷಾಯಿಣಿ ಗೋಡೆಗೆ ಆತು ನಿಂತಿದ್ದಳು. ಕುರ್ಚಿ ಖಾಲಿಯಿತ್ತು, ಅದರಲ್ಲಿ ಕೂರುವ ಹಕ್ಕು ಹೋಯಿತೆಂದು ಅವಳೇ ತೀರ್ಮಾನಿಸಿದಂತಿತ್ತು. ನಲವತ್ತರ ಹೆಂಗಸು. ಅವಳ ಗಂಡ ಇದೇ ಸಂಸ್ಥೆಯ ದಡ್ಡಿ ಹಳ್ಳಿಯ ಶಾಲೆಯಲ್ಲಿ ಮಾಸ್ತರನಾಗಿದ್ದ. ಅವನು ತೀರಿಹೋದ ಮೇಲೆ ಕನಿಕರದಿಂದ ಕೊಟ್ಟ ಕೆಲಸ, ಇನ್ನೂ ಕಾಯಂ ಆಗಿರಲಿಲ್ಲ. ಇಂಗ್ಲಿಷ್ ಬರುತ್ತಿರಲಿಲ್ಲ. ಮೊದಲಿನ ಕಂಪ್ಯೂಟರಿನ ಮುಂದೆ ಕೂರಿಸಿದಾಗ ಹೆದರಿ, ಮೂರು ದಿನ ಬರದೆ ದಡ್ಡಿಯಲ್ಲೇ ಉಳಿದಿದ್ದಳು. ಅಭಿನಂದನ ತನ್ನ ಕನ್ನಡದ ಪರದೆಯನ್ನು ಹಾಕಿಕೊಟ್ಟ ದಿನ ಅವಳು ಒಂದೊಂದೇ ಪಟ್ಟಿಯನ್ನು ತೆಗೆಸಿ, ಬೆರಳಿಟ್ಟು, ಶಾಲೆಯ ಮಗುವಿನ ಹಾಗೆ ಗಟ್ಟಿಯಾಗಿ ಓದಿದ್ದಳು. ಉಳಿಸು. ಮುಚ್ಚು. ಹುಡುಕು. “ಇದೇನ್ರಿ ಸರ, ನಮ್ಮ ಮನ್ಯಾಗಿನ ಮಾತ ಇದ್ದಂಗ ಐತಲ್ರಿ!” ಎಂದಿದ್ದಳು. ಗುಂಪಿನವರೆಲ್ಲ ಸೇರಿ ಹೊಗಳಿದ್ದರೂ ಅಷ್ಟು ಸುಖವಾಗುತ್ತಿರಲಿಲ್ಲ. ಆ ಸುಖದ ನೆನಪಿನಿಂದಲೇ ಈಗ ಅವಳ ಮುಖ ನೋಡಲು ಆಗದೆ ಅವನು ನೇರ ಕುರ್ಚಿಗೆ ಹೋಗಿ ಕುಳಿತ.

“ಸರ, ನಾ ಏನೂ ಮಾಡಿಲ್ರಿ. ದಿನಾ ಮಾಡಿದಂಗ ಮಾಡೇನ್ರಿ” ಎಂದಳು ದಾಕ್ಷಾಯಿಣಿ. “ಮಹೋತ್ಸವದ ಪುಸ್ತಕದ ಮ್ಯಾಲೆ ಬಲಗಡೆ ಗುಂಡಿ ಒತ್ತಿ ತೆಗಿ ಅಂತ ಒತ್ತೇನ್ರಿ. ನೀವ ಕಲಿಸಿದಂಗ.”

“ಮೊದಲ ಎಲ್ಲಿತ್ರಿ ಆ ಪುಸ್ತಕ, ಪರದೆ ಮ್ಯಾಲೆ?”

“ಮ್ಯಾಲ ಇತ್ರಿ. ನಿನ್ನೆ ದಾನಿಗೋಳ ಫೋಟೋ ಹಾಕಿದ ಮ್ಯಾಗ ಅದು ಕೆಳಗ ಬಂದ ಕುಂತಿತ್ರಿ.”

ಅಷ್ಟು ಸಾಕಾಗಿತ್ತು. ಪುಸ್ತಕದ ಗುರುತು ಪರದೆಯ ಮೇಲ್ಗಡೆ ಇದ್ದಾಗ ಪಟ್ಟಿ ಕೆಳಮುಖವಾಗಿ ಇಳಿಯುತ್ತಿತ್ತು, ಕೈಗೆ ಹತ್ತಿರವಾಗುತ್ತಿದ್ದದ್ದು ಮೇಲಿನ ‘ತೆಗೆ’. ಫೋಟೋಗಳು ಸೇರಿ ಅದು ಪರದೆಯ ಬುಡಕ್ಕೆ ಸರಿದ ಮೇಲೆ ಪಟ್ಟಿ ಮೇಲ್ಮುಖವಾಗಿ ಏಳುತ್ತಿತ್ತು, ಕೈಗೆ ಹತ್ತಿರವಾದದ್ದು ಕೆಳಗಿನ ‘ತೆಗೆ’. ಅವಳು ತೆಗೆ ಎಂಬುದನ್ನು ಓದಿಯೇ ಒತ್ತಿದ್ದಾಳೆ. ನೆಕ್ಸ್ಟ್ ನೆಕ್ಸ್ಟ್ ಅನ್ನುವ ಹುಡುಗರ ಹಾಗಲ್ಲ, ಬೆರಳಿಟ್ಟು ಓದಿ ಒತ್ತಿದ್ದಾಳೆ. ಯಂತ್ರ ಖಂಡಿತವೇ ಎಂದು ಕೇಳಬೇಕಾಗಿತ್ತು, ಕೇಳಲಿಲ್ಲ. ಅವನು ಕಪ್ಪು ಪರದೆಯನ್ನು ತಂದು ತನಗೆ ಗೊತ್ತಿದ್ದ ಅಪ್ಪಣೆಗಳನ್ನೆಲ್ಲ ಕೊಟ್ಟು ನೋಡಿದ. ಏನೂ ಬರಲಿಲ್ಲ. ಪುಸ್ತಕವಿದ್ದ ಜಾಗದಲ್ಲಿ ಯಂತ್ರ ಆಗಲೇ ಬೇರೇನನ್ನೋ ಬರೆದುಕೊಂಡಿತ್ತು. ಬೇರೆ ಪ್ರತಿ ಇಟ್ಟುಕೊಳ್ಳುವುದನ್ನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಬ್ಯಾಕಪ್ ಎಂಬುದಕ್ಕೆ ಯಾವ ಶಬ್ದ ಹಾಕಬೇಕೆಂದು ಗುಂಪಿನಲ್ಲಿ ಜಗಳ ಇನ್ನೂ ಮುಗಿದಿರಲಿಲ್ಲ, ಮುಗಿದ ಮೇಲೆ ಹೇಳಿಕೊಟ್ಟರಾಯಿತು ಎಂದು ಬಿಟ್ಟಿದ್ದ. ಬೆನ್ನ ಹಿಂದೆ ಅವಳು ನಿಂತದ್ದು ತಿಳಿಯುತ್ತಿತ್ತು. ಕಪ್ಪು ಪರದೆಯ ಮೇಲೆ ಅಕ್ಷರಗಳು ಓಡುವುದನ್ನು ಕಂಡು, ಸರು ಮಾಡುತ್ತಾರೆ, ಬರುತ್ತದೆ ಎಂದು ಅವಳಿನ್ನೂ ನಂಬಿದ್ದಳು. ಇನ್ನು ಪ್ರಯೋಜನವಿಲ್ಲವೆಂದು ತಿಳಿದ ಮೇಲೂ ಅವನು ಸುಮ್ಮನೆ ಏನೇನೋ ಒತ್ತುತ್ತ ಕುಳಿತ.

ಚೇರಮನ್ನರು ಒಳಗೆ ಬಂದರು. ಕೂಗಾಡಬಹುದೆಂದು ಅವನು ಎಣಿಸಿದ್ದ, ಅವರು ಕೂಗಾಡಲಿಲ್ಲ. ಮುಖ ಬಾಡಿತ್ತು. ಸಂಸ್ಥೆಯ ಸುವರ್ಣ ಮಹೋತ್ಸವಕ್ಕೆಂದು ತಯಾರಾಗುತ್ತಿದ್ದ ಸ್ಮರಣ ಸಂಚಿಕೆ ಅದು. ಅದರಲ್ಲಿ ಸಂಸ್ಥೆ ಕಟ್ಟಿದ ಅವರ ತಂದೆಯ ಜೀವನವನ್ನು ಅವರು ಬಾಯಿಂದ ಹೇಳಿದ್ದರು, ದಾಕ್ಷಾಯಿಣಿ ಎದುರಿಗೆ ಕುಳಿತು ಟೈಪು ಮಾಡಿದ್ದಳು. ಬೇರೆಲ್ಲೂ ಬರೆದಿಟ್ಟದ್ದಿರಲಿಲ್ಲ.

“ಸಿಗಾಂಗಿಲ್ಲೇನ್ರಿ?” ಎಂದರು.

“ಇಲ್ರಿ ಸಾಹೇಬ್ರ.”

“ಮತ್ತೊಮ್ಮಿ ಹೇಳಾಕ ನನಗ ಆಗೂದಿಲ್ರಿ. ಹೇಳೂಮುಂದ ಅತ್ತೇನ್ರಿ ನಾ, ಈಕಿ ಮುಂದ. ಕೇಳ್ರಿ ಬೇಕಾರ.” ಅವರು ದಾಕ್ಷಾಯಿಣಿಯ ಕಡೆ ತಿರುಗಿದರು. “ಏನ ಮಾಡ್ದಿ ಹೇಳವಾ ಖರೇನ.”

“ತೆಗಿ ಅಂತ ಇತ್ರಿ ಅಪ್ಪಾರ. ತೆಗದ್ನಿ.”

ಬಾಗಿಲಲ್ಲಿ ನಿಂತ ಶಿದ್ಲಿಂಗಪ್ಪನಿಗೆ ನಗು ತಡೆಯಲಾಗಲಿಲ್ಲ. ಚೇರಮನ್ನರೂ ಬೇಸರದಲ್ಲೇ ಒಂದು ಸಲ ನಕ್ಕುಬಿಟ್ಟರು. “ತೆಗಿ ಅಂತಿತ್ತಂತ, ತೆಗದ್ಲಂತ! ಬಾವ್ಯಾಗ ಬೀಳ ಅಂತಿದ್ರ ಬೀಳಾಕಿ ಏನು?” ಅಭಿನಂದನನೂ ಸ್ವಲ್ಪ ನಕ್ಕ. ನಕ್ಕ ಮೇಲೆ ತುಟಿಯನ್ನು ಯಥಾಸ್ಥಾನಕ್ಕೆ ತರುವುದು ಕಷ್ಟವಾಯಿತು.

ಚೇರಮನ್ನರು ಕುರ್ಚಿ ಎಳೆದುಕೊಂಡು ಅವನ ಎದುರಿಗೆ ಕುಳಿತರು. “ನೋಡ್ರಿ ಅಭಿನಂದನ, ನೀವು ಕಲತಾವ್ರು. ಒಂದ ಮಾತ ಹೇಳ್ರಿ. ತಪ್ಪ ಮಷಿನ್ನಿಂದೋ, ಈಕಿದೋ? ಮಷಿನ್ನಿಂದು ಅಂದ್ರ ಇವತ್ತ ಇದನ್ನ ಹೊರಗ ಇಡಸ್ತೇನಿ, ಎಲ್ಲಾರೂ ಇಟ್ಕೊಂಡಾರಲ್ಲಾ ಆ ವಿಂಡೋಸನ ಹಾಕಸ್ತೇನಿ. ಹತ್ತರಗಿ, ದಡ್ಡಿ, ಮಮದಾಪುರದ ಸಾಲಿಗೋಳಿಗೂ ನಿಮ್ದ ಹಾಕಸೂದು ಅಂತ ಮಾಡಿದ್ನಿ, ಅದೂ ಬ್ಯಾಡ. ಈಕಿದು ಅಂದ್ರ ಈಕೀದ ವಿಚಾರ ಮಾಡ್ತೇವಿ.”

ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಹತ್ತರಗಿ, ದಡ್ಡಿ, ಮಮದಾಪುರ. ಅವನಿಗೆ ಆ ಮಾತೇ ಗೊತ್ತಿರಲಿಲ್ಲ. ಹಳ್ಳಿಯ ಶಾಲೆಗಳಲ್ಲಿ, ಚಪ್ಪಲಿ ಬಿಟ್ಟು ಒಳಗೆ ಬಂದ ಮಕ್ಕಳ ಮುಂದೆ, ಅವನ ಶಬ್ದಗಳು. ಸಂಜೆ ಗುಂಪಿಗೆ ಬರೆದರೆ ಬೆಂಗಳೂರಿನವರು ಮೂಗಿನ ಮೇಲೆ ಬೆರಳಿಡುತ್ತಾರೆ. ತಪ್ಪು ನನ್ನದು ಎನ್ನಲು ಎಷ್ಟು ಹೊತ್ತು ಬೇಕು? ಎರಡು ಕಡೆ ಒಂದೇ ಶಬ್ದ ಹಾಕಿದ್ದೆ, ಕೇಳಬೇಕಾದ ಪ್ರಶ್ನೆಯನ್ನು ನಾನೇ ಮುಚ್ಚಿಸಿದ್ದೆ, ಗೊತ್ತಿದ್ದೂ ಬಿಟ್ಟಿದ್ದೆ. ದಾಕ್ಷಾಯಿಣಿ ಅವನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಂಶಯದ ಸುಳಿವೂ ಇರಲಿಲ್ಲ. ಕಂಪ್ಯೂಟರಿನ ಬಗ್ಗೆ ಸರು ಏನು ಹೇಳುತ್ತಾರೋ ಅದೇ ನಿಜ ಎಂಬ ಭರವಸೆಯಷ್ಟೇ ಇತ್ತು. ಸ್ವಲ್ಪ ಸಂಶಯಪಟ್ಟಿದ್ದರೆ ಅವನು ಒಪ್ಪಿಕೊಂಡುಬಿಡುತ್ತಿದ್ದನೇನೋ.

“ಮಷಿನ್ ತಪ್ಪ ಮಾಡಿಲ್ರಿ” ಎಂದ.

ಅಕ್ಷರಕ್ಕೆ ಅಕ್ಷರ ನಿಜ. ಯಂತ್ರ ಹೇಳಿದ್ದನ್ನು ಮಾಡಿದೆ. ಇಂಥ ನಿಜ ಹೇಳುವುದು ಗುಂಪಿನಲ್ಲಿ ಅವನಿಗೆ ಚೆನ್ನಾಗಿ ರೂಢಿಯಾಗಿತ್ತು. ಕಂಪ್ಯೂಟರ್ ಕೆಟ್ಟ ಕತೆಗಳನ್ನು ಅವರೆಲ್ಲ ಅಲ್ಲಿ ಹೇಳಿಕೊಂಡು ನಗುತ್ತಿದ್ದರು, ಪ್ರತಿ ಕತೆಯ ಕೊನೆಗೂ ತಪ್ಪು ಕುರ್ಚಿಯಲ್ಲಿ ಕುಳಿತವರದು. ಆ ಕತೆಗಳಲ್ಲಿ ಕುರ್ಚಿಯವರಿಗೆ ಹೆಸರಿರುತ್ತಿರಲಿಲ್ಲ, ದಡ್ಡಿಯಲ್ಲಿ ಮನೆಯೂ ಇರುತ್ತಿರಲಿಲ್ಲ.

“ಅಷ್ಟ ಕೇಳಬೇಕಾಗಿತ್ತ ನನಗ” ಎಂದು ಚೇರಮನ್ನರು ಎದ್ದರು. ದಾಕ್ಷಾಯಿಣಿಗೆ, “ನಾಳೆಯಿಂದ ಬರಬ್ಯಾಡವಾ ನೀ. ನಿಮ್ಮ ಮಾಸ್ತರ ಮಾರಿ ನೋಡಿ ಇಟ್ಕೊಂಡಿದ್ದೆ. ಇದನ್ನ ಹೆಂಗ ಸೈಸ್ಲಿ?” ಎಂದರು. ಶಿದ್ಲಿಂಗಪ್ಪನಿಗೆ, “ಹೆಡ್ ಕ್ಲಾರ್ಕಗ ಹೇಳಪಾ, ಈ ಬಾಯೀನ ತೆಗದಾರ ಅಂತ” ಎಂದರು.

ತೆಗದಾರ. ಮೂರನೆಯ ಅರ್ಥವೊಂದಿದೆ ಎಂದು ಮೈಸೂರಿನ ಹುಡುಗನೂ ಹೇಳಿರಲಿಲ್ಲ. “ಸಾಹೇಬ್ರ” ಎಂದು ಅಭಿನಂದನ ಎದ್ದ. “ಅಲ್ಲಿ ಒಂದ ಶಬ್ದದ್ದ ತೊಂದ್ರಿ ಐತ್ರಿ...”

“ಶಬ್ದ? ಮಷಿನ್ ಶಬ್ದ ಮಾಡಾಕತ್ತೈತೇನು?”

ಎಲ್ಲರೂ ಅವನನ್ನು ನೋಡಿದರು. ಈಗಲೂ ಹೇಳಬಹುದಾಗಿತ್ತು. “ಇಲ್ರಿ. ಫ್ಯಾನ್ ಸಪ್ಪಳ ಇರಬೇಕ್ರಿ” ಎಂದು ಮತ್ತೆ ಕುಳಿತ.

“ಮತ್ತ, ಈ ಕನ್ನಡಾ ಸಾಕ್ರಿ ಇನ್ನ” ಎಂದರು ಚೇರಮನ್ನರು ಬಾಗಿಲಲ್ಲಿ ನಿಂತು. “ಎಲ್ಲಾ ಸಾಲ್ಯಾಗೂ ನಿಮ್ಮ ಮಷಿನ್ನ ಇರ್ಲಿ, ಆದ್ರ ಇಂಗ್ಲಿಷ್ ಮಾಡಿ ಕೊಡ್ರಿ. ಕನ್ನಡ ಅಂದಕೂಡ್ಲೆ ಸಲಿಗಿ ಆಗ್ತೈತ್ರಿ ಮಂದಿಗೆ, ಮನ್ಯಾಗಿನ ಡಬ್ಬಿ ತೆಗದಂಗ ತೆಗೀತಾರ. ಇಂಗ್ಲಿಷ್ ಇದ್ರ ಹೆದರಿ ಒತ್ತತಾರ. ಇದನ್ನೂ ಈಗ ಮಾಡಿ ಹೋಗ್ರಿ, ಹೊಸಾ ಹುಡುಗಿ ಬರ್ತಾಳ ನಾಳೆ, ಇಂಗ್ಲಿಷ್ ಬರ್ತೈತಿ ಆಕಿಗೆ.”

ಅವನು ಆಗಲೆಂದು ತಲೆಯಾಡಿಸಿದ. ಮೂಡಲಗಿಯ ಬ್ಯಾಂಕಿನಲ್ಲಿ ನಕ್ಕ ಆ ಹುಡುಗನೇ ತಲೆಯಾಡಿಸಿದ, ಬೇರೆ ಯಾರೂ ಅಲ್ಲ. ಇಷ್ಟು ವರ್ಷ ಅವನು ಎಲ್ಲೂ ಹೋಗಿರಲಿಲ್ಲ.

ಕೋಣೆ ಖಾಲಿಯಾಯಿತು. ದಾಕ್ಷಾಯಿಣಿ ಕಣ್ಣೊರೆಸಿಕೊಂಡು ತನ್ನ ಸಾಮಾನು ಜೋಡಿಸಿಕೊಳ್ಳತೊಡಗಿದಳು. ಕನ್ನಡಕದ ಪೆಟ್ಟಿಗೆ, ಮೇಜಿನ ಖಾನೆಯಲ್ಲಿದ್ದ ಊಟದ ಡಬ್ಬಿ, ಕೀಬೋರ್ಡಿನ ಮೇಲೆ ಧೂಳು ಕೂರದಂತೆ ಅವಳೇ ಹೊಲಿದು ತಂದಿದ್ದ ಒಂದು ಹೂವಿನ ಬಟ್ಟೆ. ಬಟ್ಟೆಯನ್ನು ಚೀಲಕ್ಕೆ ಹಾಕಿದವಳು ಮತ್ತೆ ಹೊರಗೆ ತೆಗೆದು ಮೇಜಿನ ಮೇಲೇ ಇಟ್ಟಳು.

“ನಿಮ್ಮ ಹೆಸರೂ ಕೆಡಿಸಿದ್ನೆಲ್ರಿ ಸರ” ಎಂದಳು. “ಎಷ್ಟ ಕಷ್ಟಪಟ್ಟ ಮಾಡಿದ್ರಿ ಕನ್ನಡಾ. ನನ್ನಂಥಾಕಿ ಕೈಯಾಗ ಕೊಡಬಾರದಿತ್ತ ನೀವು.”

“ಇನ್ನ ಎಲ್ಲಿ ಇರ್ತೀರಿ ಅಕ್ಕಾರ?” ಎಂದು ಅವನು ಕೇಳಿದ. ಏನಾದರೂ ಕೇಳಬೇಕಿತ್ತು.

“ಎಲ್ಲಿ ಇರೂದ್ರಿ. ದಡ್ಡಿಗೇ ಹೋಗೂದು. ಮೈದುನನ ಮನ್ಯಾಗ ಬಾಂಡೆ ತಿಕ್ಕಾಕರ ಬೇಕಲ್ಲರಿ ಯಾರರೆ.” ಅವಳು ಅದನ್ನು ದೂರುವಂತೆ ಹೇಳಲಿಲ್ಲ. ಚೀಲ ಎತ್ತಿಕೊಂಡು, “ಇನ್ನೊಂದ ಕೇಳ್ಲೇನ್ರಿ? ನಾ ಒತ್ತಬೇಕಾಗಿದ್ದು ತೆಗಿ ಅಲ್ಲೇನ್ರಿ ಹಂಗಾರ? ಮತ್ತ್ಯಾವುದ್ರಿ?” ಎಂದಳು.

ಹೇಳಲು ಇದೇ ಕೊನೆಯ ಸಂದರ್ಭ. ಈಗ ಹೇಳಿದರೆ ಕೇಳುವವರು ಅವಳೊಬ್ಬಳೇ, ಅವನಿಗೆ ಯಾವ ನಷ್ಟವೂ ಇಲ್ಲ. ಅದೇ ಕಾರಣಕ್ಕೆ ಹೇಳುವುದು ಇನ್ನೂ ಅಸಹ್ಯವೆನಿಸಿತು. “ನೋಡಿ ಒತ್ತಬೇಕಾಗಿತ್ರಿ” ಎಂದ.

“ಹೌದ್ರಿ” ಎಂದು ಅವಳು ಒಪ್ಪಿಕೊಂಡಳು.

ಅವನು ಪರದೆಯ ಕಡೆ ತಿರುಗಿ ಭಾಷೆಯನ್ನು ಬದಲಿಸುವ ಜಾಗಕ್ಕೆ ಹೋದ. ಮೂರು ವರ್ಷ ಹಿಡಿದದ್ದನ್ನು ಬದಲಿಸಲು ನಾಲ್ಕಾರು ಸಲ ಒತ್ತಿದರೆ ಸಾಕಿತ್ತು. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿತು. ಉಳಿಸು ಹೋಯಿತು, ಮುಚ್ಚು ಹೋಯಿತು, ಹುಡುಕು ಹೋಯಿತು. ಅವುಗಳ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳು ಮೊದಲಿನಿಂದ ಅಲ್ಲೇ ಇದ್ದವರ ಹಾಗೆ ಕುಳಿತವು. ಹಿಂದೆ ಸದ್ದಿಲ್ಲದ್ದರಿಂದ, ಅವಳು ಹೊರಟುಹೋದಳು ಎಂದುಕೊಂಡು ತಿರುಗಿದ. ಹೋಗಿರಲಿಲ್ಲ. ಚೀಲವನ್ನು ಎದೆಗೆ ಅವಚಿಕೊಂಡು ಪರದೆಯನ್ನೇ ನೋಡುತ್ತ ನಿಂತಿದ್ದಳು. ಬೆಳಗಿನಿಂದ ಅತ್ತ ಮುಖದಲ್ಲಿ ಈಗ ಅಳುವಿರಲಿಲ್ಲ.

“ನಾ ಹೊರಗ ಹ್ವಾದ ಮ್ಯಾಲೆ ಮಾಡಬಾರದಿತ್ತೇನ್ರಿ ಸರ, ಅದನ್ನ?” ಎಂದಳು.

“ಬಸ್ಸಿನ ಹೊತ್ತಾಗಿತ್ರಿ ಅಕ್ಕಾರ” ಎಂದ ಅಭಿನಂದನ. ಗೋಕಾಕದ ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು.